ತೊಳೆದರೂ ಹೋಗದ ಅರಿಶಿನ

ಹೊಳೆಯ ದಡದಲ್ಲಿ ಒಂದು ಊರಿತ್ತು. ಹೆಸರು ಬೇಡ. ಹೇಳಿದರೆ ಅದೇ ಹೆಸರಿನ ಇನ್ನಾವುದೋ ಊರಿನವರು ಬಂದು ನನ್ನ ಜಗಲಿ ಹತ್ತಿ, ನಮ್ಮ ಮಾನ ಕಳೆದೆ ಎಂದು ಜಗಳ ತೆಗೆಯುತ್ತಾರೆ. ಮಾನಕ್ಕೆ ಹೆದರಿದವರ ಕಥೆಯೇ ಇದಾದ್ದರಿಂದ ಆ ಜಗಳ ಈಗ ಬೇಡ.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಬೆಳಕು ಹರಿಯುವ ಮೊದಲು ಪ್ರತಿಯೊಬ್ಬರೂ ನೆತ್ತಿಯಿಂದ ಅಂಗಾಲಿನವರೆಗೆ ಅರಿಶಿನ ಬಳಿದುಕೊಳ್ಳಬೇಕು. ಗಂಡಸು ಬಳಿದುಕೊಳ್ಳಬೇಕು, ಹೆಂಗಸು ಬಳಿದುಕೊಳ್ಳಬೇಕು, ಹಸುಗೂಸಿಗೆ ಬಳಿಯಬೇಕು, ಹೆಣಕ್ಕೂ ಬಳಿಯಬೇಕು. ನಿನ್ನೆಯದರ ಮೇಲೆ ಇವತ್ತಿನದು, ಇವತ್ತಿನದರ ಮೇಲೆ ನಾಳೆಯದು. ಕತ್ತಲ ಬಚ್ಚಲಲ್ಲಿ ಮೈಗೆ ನೀರು ಸುರಿದುಕೊಳ್ಳಬಹುದಿತ್ತು, ಉಜ್ಜುವಂತಿರಲಿಲ್ಲ. ಬಳಿಯುವಾಗ ಒಂದು ಮಾತು ಹೇಳಬೇಕಿತ್ತು: ‘ಒಳಗಿನದು ಒಳಗಿರಲಿ, ಊರೆಲ್ಲ ಒಂದಿರಲಿ.’ ಕೂಸಿಗೆ ಬಳಿಯುವಾಗ ತಾಯಿ ಹೇಳುತ್ತಿದ್ದಳು. ತಾಯಿಯ ಹೆಣಕ್ಕೆ ಬಳಿಯುವಾಗ ಆ ಕೂಸು ದೊಡ್ಡದಾಗಿ ಹೇಳುತ್ತಿತ್ತು.

ಹಿಂದೆ ಯಾವಾಗಲೋ ತೋಳಿನ ಮೇಲೆ ಬಿಳಿ ಮಚ್ಚೆ ಇದೆಯೆಂದು ಒಬ್ಬ ಮದುವಣಗಿತ್ತಿಯನ್ನು ಹಸೆಮಣೆಯಿಂದ ಎಬ್ಬಿಸಿ ಕಳಿಸಿದ್ದರಂತೆ. ಅವಳು ಮನೆಗೆ ಹೋಗಲಿಲ್ಲ, ಹೊಳೆಗೆ ಹೋದಳು. ಊರು ಆ ದಿನ ನಾಚಿಕೊಂಡಿತು. ಹಿರಿಯರು ಕೂತು ಯೋಚಿಸಿ, ಇನ್ನು ಮುಂದೆ ಯಾರ ಮೈಯೂ ಯಾರಿಗೂ ಕಾಣುವುದು ಬೇಡ, ಎಲ್ಲರದೂ ಒಂದೇ ಬಣ್ಣವಾಗಲಿ ಎಂದರು. ಒಳ್ಳೆಯ ಬುದ್ಧಿಯಿಂದ ಹುಟ್ಟಿದ ಕಟ್ಟಳೆ ಅದು, ನಾನು ಅಲ್ಲವೆನ್ನುವುದಿಲ್ಲ. ಆದರೆ ಮಚ್ಚೆ ಇದ್ದವಳನ್ನು ಮಣೆಯ ಮೇಲೆ ಕೂರಿಸಲು ಕಲಿಯುವ ಬದಲು ಮಚ್ಚೆಯನ್ನು ಮುಚ್ಚಲು ಕಲಿತರು ನೋಡಿ, ಅಲ್ಲಿ ನನಗೆ ಸಿಟ್ಟು ಬರುತ್ತದೆ. ಬರುಬರುತ್ತಾ ಚರ್ಮವೇ ಚಾಡಿಕೋರ ಎಂಬ ಮಾತು ಹುಟ್ಟಿತು. ಮನೆಯೊಳಗಿನದನ್ನು ಬೀದಿಗೆ ಹೇಳುವ ಚಾಡಿಕೋರ, ಅದರ ಬಾಯಿ ಮುಚ್ಚಿದರೇ ನೆಮ್ಮದಿ ಎಂದು ಎಲ್ಲರೂ ನಂಬಿದರು.

ಆ ಊರಿನಲ್ಲಿ ಯಾರೂ ಕಾಯಿಲೆ ಬೀಳುತ್ತಿರಲಿಲ್ಲ. ಸುಮ್ಮನೆ ಬೀಳುತ್ತಿದ್ದರು. ಬಾವಿಕಟ್ಟೆಯಲ್ಲಿ ಕೊಡ ಎತ್ತುತ್ತಾ ಒಬ್ಬಳು ಬಿದ್ದಳು. ಉಣ್ಣುತ್ತಾ ಕೂತಲ್ಲೇ ಒಬ್ಬ ಬಿದ್ದ. ‘ನಿನ್ನೆ ಸಂಜೆವರೆಗೂ ಬಂಗಾರದ ಹಾಗಿದ್ದ’ ಎಂದು ಊರು ಹೆಮ್ಮೆಯಿಂದ ಹೇಳಿಕೊಂಡಿತು. ಬಂಗಾರದ ಹಾಗೆಯೇ ಇದ್ದ, ಸುಳ್ಳಲ್ಲ, ಎಲ್ಲರೂ ಹಾಗೆಯೇ ಇದ್ದರಲ್ಲ. ಕೊಡ ಎತ್ತಿದವಳ ಅಂಗೈ, ಉಗುರು, ತುಟಿ ಬಿಳಿಚಿಕೊಂಡು ಎಷ್ಟೋ ಕಾಲವಾಗಿತ್ತು. ಉಣ್ಣುತ್ತಿದ್ದವನ ಕುತ್ತಿಗೆಯ ಮಡಿಕೆಗಳು ಕಪ್ಪಾಗಿ ದಪ್ಪಗಟ್ಟಿದ್ದವು. ಮೈ ಹೇಳಬೇಕಾದ್ದನ್ನು ಹೇಳುತ್ತಲೇ ಇತ್ತು, ಇವರು ದಿನಾ ಬೆಳಿಗ್ಗೆ ಎದ್ದು ಅದರ ಬಾಯಿಗೆ ಅರಿಶಿನ ಮೆತ್ತುತ್ತಿದ್ದರು.

ಈ ಊರಿಗೆ ಹೊಳೆಯ ಆಚೆ ದಡದಿಂದ ಒಬ್ಬಳು ಸೊಸೆಯಾಗಿ ಬಂದಳು. ಅವಳ ಬಲಗೈಯ ಮೇಲೆ, ಬೆರಳಿನಿಂದ ಮೊಣಕೈವರೆಗೆ, ತೊನ್ನು ಇತ್ತು. ತೊನ್ನು ನೋಯುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಆದರೆ ನೋಡುವವರ ಕಣ್ಣು ಸುಮ್ಮನಿರಬೇಕಲ್ಲ. ಬಂದ ಗಂಡುಗಳೆಲ್ಲ ಕೈ ನೋಡಿ ಎದ್ದು ಹೋದ ಮೇಲೆ ಅವಳ ತಾಯಿ ಈ ಊರಿನ ಸಂಬಂಧ ಹುಡುಕಿದಳು.

“ಅಲ್ಲಿ ಎಲ್ಲರೂ ಬಳ್ಕೋತಾರಂತೆ ಕಣೇ,” ಎಂದಳು ತಾಯಿ. “ನಿನ್ನ ಕೈ ಯಾರಿಗೂ ಕಾಣಲ್ಲ. ಕಟ್ಕೊಂಡೋನಿಗೂ ಕಾಣಲ್ಲ. ಸುಖವಾಗಿರ್ತೀಯ.”

ಸುಖವಾಗಿಯೇ ಇದ್ದಳು. ಸಂತೆಯಲ್ಲಿ ಕೈ ಚಾಚಿ ಸೊಪ್ಪು ಕೊಂಡಳು, ಊರ ಹೆಂಗಸರ ಜೊತೆ ಒಂದೇ ಹರಿವಾಣಕ್ಕೆ ಕೈ ಹಾಕಿ ಅವಲಕ್ಕಿ ತಿಂದಳು, ಯಾರೂ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಕಟ್ಟಳೆಯನ್ನು ಅವಳಷ್ಟು ಪ್ರೀತಿಯಿಂದ ಪಾಲಿಸಿದವರು ಆ ಊರಿನಲ್ಲೇ ಇರಲಿಲ್ಲ. ಅತ್ತೆ ಎಬ್ಬಿಸುವ ಮೊದಲೇ ಎದ್ದು ಬಳಿದುಕೊಳ್ಳುತ್ತಿದ್ದಳು, ಬಲಗೈಗೆ ಒಂದು ಸುತ್ತು ಹೆಚ್ಚಾಗಿಯೇ ಬಳಿಯುತ್ತಿದ್ದಳು.

ಅವಳ ಗಂಡ ಊರಿಗೆಲ್ಲ ಅರಿಶಿನ ಬೇಯಿಸುವವನು. ಕೊಪ್ಪರಿಗೆಯಲ್ಲಿ ಕೊಂಬು ಬೇಯಿಸಿ, ಚಾಪೆಯ ಮೇಲೆ ಹರವಿ ಒಣಗಿಸಿ, ಕುಟ್ಟಿ ಮನೆಮನೆಗೆ ಕೊಡುತ್ತಿದ್ದ. ಎಲ್ಲರಿಗೂ ಬೇಕಾದ ಕೆಲಸ, ಮಾಡುವವನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮೆತ್ತಗಿನ ಮನುಷ್ಯ. ಕೊಪ್ಪರಿಗೆಯ ಕೆಳಗಿನ ಕೆಂಡದಲ್ಲಿ ಗೆಣಸು ಸುಟ್ಟು ಮಡಿಲಲ್ಲಿ ಕಟ್ಟಿಕೊಂಡು ಬಂದು, ಸಿಪ್ಪೆ ಸುಲಿದು ಅವಳ ಕೈಗಿಡುತ್ತಿದ್ದ. ಅವಳಿಗೆ ಅವನೆಂದರೆ ಪ್ರಾಣ.

ಒಂದು ದಿನ ಗೆಣಸು ತಂದವನು ತಾನು ಮುಟ್ಟಲಿಲ್ಲ. “ಯಾಕೋ ಬಾಯಿಗೆ ಏನೂ ಹತ್ತಲ್ಲ,” ಎಂದ. ಆಮೇಲೆ ಮೈ ಕೆರೆದುಕೊಳ್ಳತೊಡಗಿದ. ಕೂತಲ್ಲಿ ಕೆರೆದ, ನಿಂತಲ್ಲಿ ಕೆರೆದ, ಕಂಬಕ್ಕೆ ಬೆನ್ನು ಉಜ್ಜಿದ. ಕೊಪ್ಪರಿಗೆ ಕಲಕುವ ಹುಟ್ಟು ಕೈಗೆ ಭಾರವಾಯಿತು. ಗಂಜಿ ತೆಗೆದುಕೊಂಡು ಹೋದ ಸೊಸೆ, ಅವನು ಬಿಸಿಲ ಕಡೆ ಮುಖ ಎತ್ತಿದಾಗ, ಅವನ ಕಣ್ಣಿನ ಬಿಳಿ ಹಳದಿಯಾಗಿರುವುದನ್ನು ಕಂಡಳು.

“ಕಣ್ಣು ಯಾಕ್ರೀ ಹೀಗಿದೆ?”

“ಕೊಪ್ಪರಿಗೆ ಸಿಡೀತು ಕಣೇ. ಅರಿಶಿನ ಬೇಯಿಸೋನ ಕಣ್ಣಲ್ಲಿ ಅರಿಶಿನ ಇರದೆ ಕುಂಕುಮ ಇರುತ್ತಾ?”

ಅವಳು ನಗಲಿಲ್ಲ. ಅವಳು ಹುಟ್ಟಿದ ಊರಿನಲ್ಲಿ ತಾಯಂದಿರು ಎಣ್ಣೆನೀರಿನ ದಿನ ಮಕ್ಕಳನ್ನು ಹಿತ್ತಲ ಬಿಸಿಲಿಗೆ ಕೂರಿಸಿ, ಕಣ್ಣ ರೆಪ್ಪೆ ಎಳೆದು, ಉಗುರು ಒತ್ತಿ, ನಾಲಿಗೆ ಚಾಚಿಸಿ ನೋಡುತ್ತಿದ್ದರು. ಅಲ್ಲಿ ಕಾಮಾಲೆ ಎಂದರೇನೆಂದು ಮಕ್ಕಳಿಗೂ ಗೊತ್ತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತೇವೆ ನಾವು. ಈ ಊರಿನಲ್ಲಿ ಲೋಕವೇ ಹಳದಿಯಾಗಿತ್ತು, ಇನ್ನು ಕಾಮಾಲೆಯ ಕಣ್ಣನ್ನು ಯಾರು ಗುರುತಿಸಬೇಕು? ಕಾಮಾಲೆ ಎಂಬ ಮಾತೂ ಅವರ ಬಾಯಲ್ಲಿ ಇರಲಿಲ್ಲ.

ಅವಳು ಅತ್ತೆಯ ಬಳಿ ಹೋದಳು. ಅತ್ತೆ ಗಟ್ಟಿ ಹೆಂಗಸು. ಆ ಬೀದಿಯಲ್ಲಿ ಯಾವ ಕೂಸು ಹುಟ್ಟಿದರೂ ಮೊದಲ ಅರಿಶಿನ ಅವಳ ಕೈಯದೇ.

“ಅತ್ತೆ, ಅವರಿಗೆ ಕಾಮಾಲೆ ಅನ್ಸುತ್ತೆ. ಒಂದ್ಸಲ ಮೈ ತೊಳೆದು ಬಿಸಿಲಲ್ಲಿ ನೋಡೋಣ. ಹೊಳೆ ಆಚೆ ವೈದ್ಯರಿದಾರೆ.”

“ನಿಮ್ಮೂರಿನ ಮಾತು ನಿಮ್ಮೂರಲ್ಲೇ ಬಿಟ್ಟು ಬಾ ಅಂತ ಹೊಸಿಲು ದಾಟೋವಾಗ್ಲೇ ಹೇಳಿರಲಿಲ್ವಾ? ಮೈ ಕೆರೆದ್ರೆ ಏನಾಯ್ತು? ನಿಮ್ಮ ಮಾವನೂ ಹೀಗೇ ಕೆರ್ಕೋತಿದ್ರು.”

“ಕೆರೆದ ಮೇಲೆ ಎಷ್ಟು ದಿನ ಇದ್ರು ಅತ್ತೆ?”

ಅತ್ತೆ ಒರಳಿನ ಕಡೆ ತಿರುಗಿಕೊಂಡಳು. “ಕೊನೇ ದಿನದವರೆಗೂ ಬಂಗಾರದ ಹಾಗಿದ್ರು,” ಎಂದಳು.

ಮರುದಿನ ನಡುಹಗಲಿನಲ್ಲಿ, ಊರು ಉಂಡು ಮಲಗಿದ ಹೊತ್ತಿನಲ್ಲಿ, ಸೊಸೆ ಗಂಡನನ್ನು ಹೊಳೆಗೆ ಕರೆದುಕೊಂಡು ಹೋದಳು. ತುರಿಕೆ ತಾಳಲಾರದೆ ಅವನು ಒಪ್ಪಿದ. ಬಂಡೆಯ ಮೇಲೆ ಕೂರಿಸಿ, ತನ್ನ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಎಡಗೈಯಿಂದಲೇ ಸೀಗೆಪುಡಿ ಹಾಕಿ ಉಜ್ಜಿದಳು. ಇವತ್ತಿನ ಅರಿಶಿನ ಹೋಯಿತು, ಹೋದ ವರ್ಷದ್ದು ಹೋಯಿತು, ಹುಟ್ಟಿದ ದಿನ ಅವನ ತಾಯಿ ಬಳಿದದ್ದೂ ಹೋಯಿತು. ಹೊಳೆ ಹಳದಿಯಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಆದರೆ ಅವನು ಹಳದಿಯಾಗಿಯೇ ಇದ್ದ. ಎದೆ ಹಳದಿ, ಹೊಟ್ಟೆ ಹಳದಿ, ಅಂಗಾಲು ಹಳದಿ, ಮೈತುಂಬ ಉಗುರಿನ ಗೀರು.

ಅಷ್ಟರಲ್ಲಿ ನೀರಿನ ಬಣ್ಣ ನೋಡಿ ಕೆಳಗಡೆ ಪಾತ್ರೆ ಬೆಳಗುತ್ತಿದ್ದ ಹೆಂಗಸರು ಓಡಿ ಬಂದರು. ಬೈಯಲೆಂದೇ ಬಂದರು, ಬೈಗುಳ ಬಾಯಲ್ಲೇ ಉಳಿಯಿತು. ಒಬ್ಬ ಮುದುಕಿ ಹತ್ತಿರ ಬಂದು ಹೆಬ್ಬೆರಳಿನಿಂದ ಅವನ ತೋಳು ತಿಕ್ಕಿದಳು. ಬೆರಳು ನೋಡಿಕೊಂಡಳು. ಮತ್ತೆ ತಿಕ್ಕಿದಳು.

“ಹೋಗ್ತಾನೇ ಇಲ್ಲ,” ಎಂದಳು. “ಅರಿಶಿನ ಒಳಗಿಳಿದುಬಿಟ್ಟಿದೆ.” ಎಂದವಳೇ ಅವನ ಕಾಲಿಗೆ ಬಿದ್ದಳು.

ಊರಿನ ಯಜಮಾನ ಬಂದ. ಅವನೂ ತಿಕ್ಕಿ ನೋಡಿದ. ಬಳಿಯದೆಯೇ ಹಳದಿಯಾದವನು, ಕಟ್ಟಳೆಯೇ ಮೈಯಾಗಿ ಬಂದವನು, ಇಂಥವನೊಬ್ಬ ಬರಲೆಂದೇ ಹಿರಿಯರು ಇಷ್ಟು ಕಾಲ ಬಳಿದುಕೊಂಡರು ಎಂದು ಸಾರಿದ. ತೊಳೆದ ತಪ್ಪು ಅಲ್ಲೇ ಮಾಫಾಯಿತು. ಅವನನ್ನು ಅರಳಿಕಟ್ಟೆಯ ಮೇಲೆ ಮಣೆ ಹಾಕಿ ಕೂರಿಸಿದರು. ಬೆಲ್ಲ ತಂದರು, ತುಪ್ಪ ತಂದರು, ಕರಿದ ತಿಂಡಿ ತಂದು ಬಾಯಿಗಿಟ್ಟರು. ಅವನ ಹಳದಿ ದಿನದಿನಕ್ಕೆ ಗಾಢವಾಯಿತು, ಕಾಣಿಕೆಯೂ ಹೆಚ್ಚಾಯಿತು.

ನಗಬೇಡಿ. ಹೊಟ್ಟೆ ಮುಂದೆ ಬಂದವನನ್ನು ನಾವು ಅನುಕೂಲಸ್ಥ ಎನ್ನುವುದಿಲ್ಲವೇ? ಕೆನ್ನೆಯ ಮೇಲೆ ಕೆಂಪು ಹರಡಿದವಳಿಗೆ ಕಳೆ ಬಂದಿದೆ ಎನ್ನುವುದಿಲ್ಲವೇ? ಕಾಣುವುದು ಬೇರೆ, ನೋಡುವುದು ಬೇರೆ. ಆ ಊರಿನವರು ಕೊನೆಗೂ ಒಂದು ಬರಿ ಮೈ ಕಂಡರು, ನೋಡಲಿಲ್ಲ.

ಸೊಸೆ ಕಟ್ಟೆಯ ಬುಡದಲ್ಲಿ ನಿಂತು ಗಂಡನನ್ನು ಕರೆದಳು. “ಏಳ್ರೀ. ಆಚೆ ದಡಕ್ಕೆ ಹೋಗೋಣ.”

“ಇಷ್ಟು ವರ್ಷ ನನ್ನನ್ನ ಯಾರು ಮಾತಾಡಿಸ್ತಿದ್ರು ಹೇಳು?” ಎಂದ ಅವನು. ದನಿ ಸೋತಿತ್ತು, ಮುಖದಲ್ಲಿ ಮಾತ್ರ ಅವಳೆಂದೂ ಕಾಣದ ಹೆಮ್ಮೆ. “ಇವತ್ತು ಯಜಮಾನ್ರೇ ಎದ್ದು ನಿಂತ್ಕೊಂಡ್ರು ಕಣೇ.”

“ನೀವು ಸಾಯ್ತಾ ಇದೀರಿ.”

“ಸಾಯೋನಿಗೆ ಯಾರಾದ್ರೂ ಕೈ ಮುಗೀತಾರಾ?”

“ಅಂಥೋರಿಗೇ ಮುಗಿಯೋದು ಕಣ್ರೀ.”

ಅವನು ಕಣ್ಣು ಮುಚ್ಚಿಕೊಂಡ. ಅವಳು ಯಜಮಾನನ ಮನೆಗೆ ಹೋಗಿ ಕೈ ಮುಗಿದು ಬೇಡಿದಳು. ಊರಿನ ಭಾಗ್ಯವನ್ನು ಹೊಳೆ ದಾಟಿಸುವುದುಂಟೆ ಎಂದು ಅವನು ಗದರಿಸಿದ. ದೋಣಿಯನ್ನು ದಡಕ್ಕೆಳೆದು ಕಟ್ಟಿಸಿದ, ಕಟ್ಟೆಗೆ ಕಾವಲು ಹಾಕಿಸಿದ. ಅತ್ತೆ ಮಗನ ಪಕ್ಕದಲ್ಲಿ ಕೂತು ಬಂದವರಿಗೆ ತೀರ್ಥ ಕೊಡುತ್ತಿದ್ದಳು, ಸೊಸೆಯ ಕಡೆ ನೋಡಲಿಲ್ಲ. ಅವನಿಗೆ ಆಗ ಕೂತರೆ ಏಳಲಾಗುತ್ತಿರಲಿಲ್ಲ, ಇಬ್ಬರು ಹಿಡಿದು ಎಬ್ಬಿಸುತ್ತಿದ್ದರು. ಅದನ್ನೂ ಮರ್ಯಾದೆ ಎಂದೇ ಜನ ತಿಳಿದರು.

ಸೊಸೆ ಹೊಳೆಯ ಬಂಡೆಯ ಮೇಲೆ ಕೂತು ಅತ್ತಳು. ಗಂಡನಿಗಾಗಿ ಅತ್ತಳು, ಅದಕ್ಕಿಂತ ಹೆಚ್ಚಾಗಿ ತನಗಾಗಿಯೇ ಅತ್ತಳು, ಮುಚ್ಚಿಡಲು ನನಗೇನು? ಏನು ಮಾಡಬೇಕೆಂದು ಅವಳಿಗೆ ಹೊಳೆದಿತ್ತು. ಸಂತೆಯ ಸೊಪ್ಪು, ಹರಿವಾಣದ ಅವಲಕ್ಕಿ, ಯಾರೂ ಹಿಂದಕ್ಕೆಳೆದುಕೊಳ್ಳದ ಕೈಗಳು, ಅದನ್ನೆಲ್ಲ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅತ್ತು ಮುಗಿದ ಮೇಲೆ ಸೀಗೆಪುಡಿ ತೆಗೆದುಕೊಂಡು ಬಲಗೈ ಉಜ್ಜತೊಡಗಿದಳು.

ನಡುಹಗಲಿನಲ್ಲಿ ಕಟ್ಟೆಯ ಸುತ್ತ ಊರು ನೆರೆದಿದ್ದಾಗ ಅವಳು ಬಂದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು, ಬಲಗೈ ಎತ್ತಿ ಹಿಡಿದಿದ್ದಳು. ಅಷ್ಟೊಂದು ಹಳದಿಯ ನಡುವೆ ಆ ಕೈ ಹಾಲಿನ ಹಾಗೆ ಬೆಳ್ಳಗಿತ್ತು. ಜನ ಬಾಯಿಗೆ ಕೈ ಇಟ್ಟುಕೊಂಡು ಎರಡು ಪಾಲಾದರು.

“ತೊನ್ನು,” ಎಂದ ಯಜಮಾನ. “ದೂರ ನಿಲ್ಲಿ. ಮುಟ್ಟಿದೋರಿಗೆ ಅಂಟುತ್ತೆ. ಅಂಟಿದೋರಿಗೆ ಈ ಊರಲ್ಲಿ ಜಾಗ ಇಲ್ಲ.”

“ಈ ಮಾತು ಎಲ್ಲರಿಗೂ ಕೇಳಿಸ್ತಾ?” ಎಂದಳು ಸೊಸೆ. “ಯಜಮಾನ್ರು ಇನ್ನೊಂದ್ಸಲ ಹೇಳ್ಲಿ.”

ಅವನು ಇನ್ನೊಂದು ಸಲ ಹೇಳಿದ.

ಅವಳು ಕಟ್ಟೆ ಹತ್ತಿದಳು. ಕಾವಲಿನವರು ಅವಳಿಗೆ ದಾರಿ ಬಿಟ್ಟು ಹಾರಿ ಇಳಿದರು. ಅವಳು ಬಿಳಿ ಅಂಗೈಯನ್ನು ಗಂಡನ ನೆತ್ತಿಯ ಮೇಲಿಟ್ಟಳು. ನೆತ್ತಿಯಿಂದ ಹಣೆಗೆ, ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಎದೆಗೆ, ಬೆಳಿಗ್ಗೆ ಅರಿಶಿನ ಬಳಿಯುವ ಕ್ರಮದಲ್ಲೇ, ಒಂದಂಗುಲವೂ ಬಿಡದ ಹಾಗೆ, ಅಂಗಾಲಿನವರೆಗೆ ಅವನನ್ನು ಸವರಿದಳು. “ಒಳಗಿನದು ಹೊರಗೆ ಬರಲಿ,” ಎನ್ನುತ್ತಾ ಸವರಿದಳು. ಹೆಂಗಸರು ಕಿರುಚಿದರು. ಅತ್ತೆ ತೀರ್ಥದ ಬಟ್ಟಲು ಹಿಡಿದುಕೊಂಡೇ ಅರಳಿಮರಕ್ಕೆ ಒರಗಿ ನಿಂತಳು.

ಸವರಿ ಮುಗಿಸಿ ಸೊಸೆ ಊರಿನ ಕಡೆ ತಿರುಗಿದಳು. “ನನ್ನ ಕೈ ಮೇಲಿರೋದು ಬರೀ ಮೇಲಿಂದು. ಚಿಕ್ಕೋಳಿದ್ದಾಗಿಂದ ಇದೆ, ಸಾಯೋವರೆಗೂ ಇರುತ್ತೆ, ನನ್ನನ್ನೇನೂ ಕೊಲ್ಲಲ್ಲ. ಇವರ ಮೈ ಮೇಲಿರೋದು ಒಳಗಿಂದು. ಹೆದರಬೇಕಾದ್ದಕ್ಕೆ ಕೈ ಮುಗಿದ್ರಿ, ಸುಮ್ನಿರಬೇಕಾದ್ದಕ್ಕೆ ಹೆದರ್ತಿದೀರಿ. ಇರಲಿ, ಹೆದರಿ. ನಾನು ಮುಟ್ಟಿದೀನಿ, ಅಂಟಿರುತ್ತೆ. ಯಜಮಾನ್ರು ಹೇಳಿದ ಹಾಗೆ ಇಬ್ಬರನ್ನೂ ಹೊರಗೆ ಹಾಕಿ.”

ಹೊರಗೆ ಹಾಕಿದರು. ಹತ್ತಿರ ಬರಲು ಧೈರ್ಯವಿಲ್ಲದೆ ಉದ್ದನೆಯ ಬಿದಿರು ಗಳಗಳಿಂದ ದಬ್ಬಿದರು. ಅವಳು ಗಂಡನನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಕಟ್ಟಿದ್ದ ದೋಣಿಯನ್ನು ಊರಿನವರೇ ಬಿಚ್ಚಿ ನೀರಿಗೆ ನೂಕಿ, ಮರಳಿ ತರಬೇಡ ಎಂದರು. ಅತ್ತೆ ದಡದವರೆಗೆ ಬಂದಳು. “ನನ್ನ ಮಗನ್ನ ಕೆಡಿಸಿದೆ, ನಿನ್ನ ಕೈ ಸೇದಿಹೋಗ,” ಎಂದು ಶಪಿಸಿದಳು.

ಗಂಡ ದೋಣಿಯಲ್ಲಿ ಮಲಗಿ ಅಳುತ್ತಿದ್ದ. “ಮುಚ್ಚಿಟ್ಟು ನನ್ನನ್ನ ಮದ್ವೆ ಆದೆ,” ಎಂದ.

“ಹೌದು ಕಣ್ರೀ.”

“ಸುಖವಾಗಿ ಕೂತಿದ್ದೆ. ಎಳೆದು ತಂದೆ.”

“ತಂದೆ.”

“ನಿನ್ನ ಮುಖ ನೋಡಲ್ಲ ಇನ್ನು ಮೇಲೆ.”

“ನೋಡಬೇಡಿ. ಬೈತಾನೇ ಇರಿ. ಆಚೆ ದಡ ಸೇರೋವರೆಗೆ ನಿಲ್ಲಿಸಬೇಡಿ, ಉಸಿರಿದೆ ಅಂತ ನಂಗೆ ಗೊತ್ತಾಗ್ತಿರುತ್ತೆ,” ಎಂದಳು ಹುಟ್ಟು ಹಾಕುತ್ತಾ. ಅವನು ಬೈಯುತ್ತಲೇ ದಡ ಸೇರಿದ.

ಆಚೆ ದಡದ ವೈದ್ಯ ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿದ. ಕಣ್ಣು ನೋಡಿದ, ಅಂಗೈ ನೋಡಿದ, ಕೆರೆದ ಗೀರು ನೋಡಿದ, ಬಲ ಪಕ್ಕೆಯ ಕೆಳಗೆ ಒತ್ತಿದ. ಅವನು ನೋವಿಗೆ ಚೀರಿದ.

“ಪಿತ್ತ ಇಳಿಯೋ ದಾರೀಲಿ ಕಲ್ಲು ಕೂತಿದೆ,” ಎಂದ ವೈದ್ಯ. “ಇಳಿಯೋಕೆ ದಾರಿ ಇಲ್ಲದೆ ರಕ್ತಕ್ಕೆ ಹತ್ತಿದೆ, ರಕ್ತದಿಂದ ಚರ್ಮಕ್ಕೆ ಬಂದಿದೆ. ಚರ್ಮ ಪಾಪ ಎಷ್ಟು ದಿನದಿಂದ ಕೂಗ್ತಾ ಇತ್ತೋ. ನಿಮಗ್ಯಾರಿಗೂ ಕಾಣಲಿಲ್ವಾ?”

“ಎಲ್ಲರಿಗೂ ಕಂಡಿತ್ತು. ಬೆಲ್ಲ ತುಪ್ಪ ತಂದ್ರು,” ಎಂದಳು ಸೊಸೆ.

ವೈದ್ಯ ಕೊಯ್ದು ಹುಣಸೆಬೀಜದಷ್ಟು ಕಲ್ಲು ತೆಗೆದ. ಗಂಡ ಬಹಳ ದಿನ ಗೋಡೆ ನೋಡಿಕೊಂಡು ಮಲಗಿದ. ತುರಿಕೆ ಹೋಯಿತು, ಹಸಿವು ಬಂತು. ಹಳದಿ ಮೈಬಿಟ್ಟಿತು, ಕೊನೆಗೆ ಕಣ್ಣೂ ಬಿಳಿಯಾಯಿತು. ಆಗ ಕೆಳಗಿನಿಂದ ಅವನದೇ ಬಣ್ಣ ಹೊರಬಂತು. ಹುಟ್ಟಿದಾಗಿನಿಂದ ಅದನ್ನು ಅವನೂ ಕಂಡಿರಲಿಲ್ಲ. ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ನಾನು ಇಷ್ಟು ಕಪ್ಪಗಿದೀನೇನೇ?”

“ರಾಗಿಮುದ್ದೆ ಬಣ್ಣ,” ಎಂದಳು ಅವಳು. ಅವನು ಗೋಡೆ ಬಿಟ್ಟು ಈಚೆ ತಿರುಗಿದ. ಅವಳ ಬಲಗೈ ಹಿಡಿದು ತನ್ನ ತೋಳಿನ ಪಕ್ಕದಲ್ಲಿಟ್ಟು, ಕಪ್ಪನ್ನೂ ಬಿಳಿಯನ್ನೂ ಬಹಳ ಹೊತ್ತು ನೋಡಿ ಸಣ್ಣಗೆ ನಕ್ಕ. ಆ ಕೈಯನ್ನು ಬಿಡಲಿಲ್ಲ.

ಅವರು ಆಚೆ ದಡದಲ್ಲಿ, ಊರಿಗೆ ನೇರವಾಗಿ ಎದುರಿಗೆ, ಒಂದು ಗುಡಿಸಲು ಹಾಕಿಕೊಂಡರು. ದೂರ ಹೋಗಬಹುದಿತ್ತು, ಬೇಕೆಂದೇ ಹೋಗಲಿಲ್ಲ. ದಿನಾ ನಡುಹಗಲಿಗೆ ಇಬ್ಬರೂ ಮೈ ತೊಳೆದು, ಬರಿ ತೋಳು ಬರಿ ಕಾಲಿನಲ್ಲಿ ದಡದ ಬಂಡೆಯ ಮೇಲೆ ಬಿಸಿಲಿಗೆ ಕೂರುತ್ತಿದ್ದರು. ಅವನು ಕಪ್ಪಗೆ, ಅವಳು ಕೆಂಪಗೆ, ಅವಳ ಬಲಗೈ ಬೆಳ್ಳಗೆ. ಈಚೆ ದಡದಲ್ಲಿ ಯಜಮಾನ ಚಾಪೆಗಳ ತಟ್ಟಿ ಕಟ್ಟಿಸಿದ, ಜನ ಚಾಪೆಯಲ್ಲಿ ತೂತು ಮಾಡಿದರು. ನಡುಹಗಲಿಗೆ ತಮಟೆ ಬಡಿಸಿದ, ಬಡಿದೊಡನೆ ಎಲ್ಲರೂ ಒಳಗೆ ಹೋಗಬೇಕೆಂದ. ಜನ ಒಳಗೆ ಹೋದರು, ಹೋಗುವ ಮೊದಲು ಒಮ್ಮೆ ಹೊಳೆಯ ಕಡೆ ನೋಡಿ ಹೋದರು. ತೊನ್ನು ಸವರಿಸಿಕೊಂಡವನು ಬೆಳ್ಳಗಾಗಲಿ ಎಂದು ಕಾದರು. ಅವನು ಆಗಲಿಲ್ಲ. ಸಾಯಲಿ ಎಂದು ಕಾದರು. ಅವನು ಸಾಯಲೂ ಇಲ್ಲ, ಬಂಡೆಯ ಮೇಲೆ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದ.

ಬೇಸಿಗೆಯಲ್ಲಿ ಹೊಳೆ ಇಳಿದಾಗ, ತಮಟೆ ಬಡಿಯುತ್ತಿದ್ದ ಹೊತ್ತಿನಲ್ಲೇ, ಒಬ್ಬಳು ನೀರಿಗಿಳಿದಳು. ಅತ್ತೆ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಎದೆಯವರೆಗೆ ನೀರು ಬಂತು. ಅವಳ ಹಿಂದೆ ಹೊಳೆಯಲ್ಲಿ ಒಂದು ಹಳದಿ ದಾರಿ ಬಿಚ್ಚಿಕೊಂಡಿತು. ಮಗ ಓಡಿಹೋಗಿ ಕೈ ಕೊಟ್ಟ. ಅವಳು ಕೈ ಹಿಡಿಯದೆ ತಾನೇ ದಡ ಹತ್ತಿದಳು, ಹತ್ತಿ ಏದುಸಿರು ಬಿಡುತ್ತಾ ನಿಂತಳು.

“ನಾನೇನೂ ತೊಳ್ಕೊಳ್ಳೋಕೆ ಬಂದಿಲ್ಲ,” ಎಂದಳು. “ಹೊಳೆ ದಾಟೋವಾಗ ತಾನಾಗೇ ಹೋಯ್ತು.”

“ಹೌದು ಅತ್ತೆ,” ಎಂದಳು ಸೊಸೆ.

“ನಿಮ್ಮನ್ನ ನೋಡೋಕೂ ಬಂದಿಲ್ಲ.”

“ಇಲ್ಲ ಅತ್ತೆ. ಕೂತ್ಕೊಳ್ಳಿ.”

ಅತ್ತೆ ಬಂಡೆಯ ಮೇಲೆ ಕೂತಳು. ಸೊಸೆ ಅವಳ ಒಂದು ಪಾದ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಾದ ಊದಿಕೊಂಡು ಚರ್ಮ ಬಿಗಿದು ಹೊಳೆಯುತ್ತಿತ್ತು. ಬಿಳಿ ಬೆರಳಿನಿಂದ ಕಣಕಾಲನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದಲ್ಲಿ ಗುಳಿ ಬಿತ್ತು, ಬಿದ್ದ ಗುಳಿ ಮೇಲೇಳಲಿಲ್ಲ. ಮೂವರೂ ಆ ಗುಳಿಯನ್ನೇ ನೋಡಿದರು. ಅತ್ತೆ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

“ಸುಮ್ನೆ ಯಾಕೆ ನೋಡ್ತೀಯ, ಹೇಳು,” ಎಂದಳು. “ಏನಂತೆ ಅದು?”

“ವೈದ್ಯರನ್ನ ಕೇಳೋಣ ಅತ್ತೆ. ಒಳಗೆಲ್ಲೋ ನೀರು ನಿಂತಿದೆ ಅಂತಿದೆ ಚರ್ಮ.”

ಊರಿನ ದಡದಲ್ಲಿ ತಮಟೆಯ ಸದ್ದು ಜೋರಾಯಿತು. ಅತ್ತೆಯ ಹೆಸರು ಹಿಡಿದು ಯಾರೋ ಕೂಗುತ್ತಿದ್ದರು.

“ಅಮ್ಮ, ನಿನ್ನನ್ನೇ ಕರೀತಿದಾರೆ,” ಎಂದ ಮಗ.

“ಬಡ್ಕೊಳ್ಳಲಿ,” ಎಂದಳು ಅತ್ತೆ. ತಿರುಗಿಯೂ ನೋಡದೆ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಇನ್ನೊಂದು ಕಾಲನ್ನೂ ಬಿಸಿಲಿಗೆ ಚಾಚಿದಳು.